ಡಿಸ್ಕ್ ಜಾರಿದ ಮೇಲೆ 14 ವಾರ: ನನ್ನ ಅನುಭವ

ಶಿರಸಿ ಸೀಮೆಯಲ್ಲಿ ಅಡಿಕೆ ತೋಟ ಇರುವವರಿಗೆ ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ದಿನಗಳೆಂದರೆ ಸೊಂಟಕ್ಕೆ ಬಿಡುವಿಲ್ಲದ ಕಾಲ. ಮೂರು ವರ್ಷಗಳ ಹಿಂದೆ ಅಂಥದೊಂದು ಸಂಜೆ ಹಸಿ ಅಡಿಕೆ ತುಂಬಿದ ಹೆಡಿಗೆಯನ್ನು ಬಗ್ಗಿ ಎತ್ತಿ, ಬಗ್ಗಿದಂತೆಯೇ ಪಕ್ಕಕ್ಕೆ ತಿರುಗಿದಾಗ ಸೊಂಟ ಹಿಡಿದುಕೊಂಡಿತು. ಮರುದಿನ ಬೆಳಗಾಗುವಷ್ಟರಲ್ಲಿ ಸೊಂಟಕ್ಕಿಂತ ಬಲಗಾಲಿನ ನೋವೇ ಹೆಚ್ಚಾಗಿತ್ತು. ಅದು ಪೃಷ್ಠದಿಂದ ಹೊರಟು, ತೊಡೆಯ ಹಿಂಬದಿ, ಮೀನಖಂಡದ ಹೊರಬದಿ ಹಾದು ಹೆಬ್ಬೆರಳಿನವರೆಗೆ ಇಳಿಯುತ್ತಿತ್ತು; ಕೆಮ್ಮಿದರೂ ಸೀನಿದರೂ ಇಮ್ಮಡಿಯಾಗುತ್ತಿತ್ತು.

ಎರಡನೆಯ ವಾರ ಹುಬ್ಬಳ್ಳಿಗೆ ಹೋಗಿ ಎಂಆರ್‌ಐ ಮಾಡಿಸಿದೆವು. ಸೊಂಟದ ನಾಲ್ಕನೆಯ ಮತ್ತು ಐದನೆಯ ಕಶೇರುಗಳ (ಬೆನ್ನೆಲುಬಿನ ಮಣಿಗಳ) ನಡುವಿನ ಡಿಸ್ಕ್ ಹೊರಚಾಚಿದೆ ಎಂದು ವರದಿ ಬಂತು. ನಾವು ಮೊದಲು ಭೇಟಿಯಾದ ವೈದ್ಯರು ಆ ಚಿತ್ರವನ್ನಷ್ಟೇ ನೋಡಿ, ನನ್ನ ಕಾಲನ್ನು ಮುಟ್ಟಿಯೂ ನೋಡದೆ, ವಾರದೊಳಗೆ ಶಸ್ತ್ರಚಿಕಿತ್ಸೆ ಆಗಬೇಕೆಂದರು. ಅದು ನನಗೆ ಇಂದಿಗೂ ನೋವಿನ ನೆನಪು. ಎಂಆರ್‌ಐ ಚಿತ್ರವೊಂದರಿಂದಲೇ ಚಿಕಿತ್ಸೆಯನ್ನು ನಿರ್ಧರಿಸಲಾಗದು; 1994ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಬೆನ್ನುನೋವೇ ಇಲ್ಲದ 98 ಮಂದಿಯ ಪೈಕಿ ಅರ್ಧಕ್ಕಿಂತ ಹೆಚ್ಚಿನವರಿಗೆ ಒಂದಾದರೂ ಡಿಸ್ಕ್ ಉಬ್ಬಿರುವುದು ಕಂಡುಬಂದಿತ್ತು.

ಭಾವನ ಒತ್ತಾಯದಿಂದ ಇನ್ನೊಬ್ಬ ತಜ್ಞರನ್ನು ಕಂಡೆವು. ಅವರು ಮಲಗಿಸಿ ಕಾಲನ್ನು ನೇರವಾಗಿ ಎತ್ತಿಸಿದರು, ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಸಿದರು, ಹೆಬ್ಬೆರಳನ್ನು ಮೇಲಕ್ಕೆ ಎಳೆಯಲು ಹೇಳಿ ತಮ್ಮ ಬೆರಳಿನಿಂದ ಒತ್ತಿ ನೋಡಿದರು. ಹೆಬ್ಬೆರಳಿನ ಬಲ ಸ್ವಲ್ಪ ಕುಗ್ಗಿತ್ತು, ಪಾದದ ಬಲ ಉಳಿದಿತ್ತು. ಡಿಸ್ಕ್ ಜಾರುವುದೆಂದರೆ ಅದು ಇಡಿಯಾಗಿ ಸರಿಯುವುದಲ್ಲವೆಂದೂ, ಹೊರಗಿನ ನಾರಿನ ಉಂಗುರ ಬಿರಿದು ಒಳಗಿನ ಮೆತ್ತನೆಯ ತಿರುಳು ಹೊರಬಂದು ನರದ ಬೇರನ್ನು ಒತ್ತುವುದರ ಜೊತೆಗೆ ಅದರ ಸುತ್ತ ಉರಿಯೂತವನ್ನೂ ಉಂಟುಮಾಡುತ್ತದೆಂದೂ, ಹೊರಬಂದ ತಿರುಳನ್ನು ಬಹಳಷ್ಟು ಮಂದಿಯಲ್ಲಿ ದೇಹವೇ ತಿಂಗಳುಗಳಲ್ಲಿ ಕರಗಿಸುತ್ತದೆಂದೂ ಅವರು ವಿವರಿಸಿದರು. ಈ ಮಾತು ಮೊದಲೇ ಗೊತ್ತಿದ್ದರೆ, ಜಾರಿದ್ದನ್ನು ಒಳಗೆ ಕೂರಿಸುತ್ತೇನೆಂದವರ ಬಳಿ ಹೋಗಿ ಸೊಂಟ ತಿಕ್ಕಿಸಿಕೊಂಡು, ಇಡೀ ರಾತ್ರಿ ನರಳುತ್ತಿರಲಿಲ್ಲ.

ನಿರ್ಧಾರಕ್ಕೆ ಅವರು ಕೊಟ್ಟ ಅಳತೆ ನೋವಿನದಲ್ಲ, ಬಲದ್ದು. ಪಾದ ಸೋಲುತ್ತ ಹೋದರೆ ತಡಮಾಡದೆ ಬರಬೇಕು. ಮೂತ್ರ ಕಟ್ಟಿದರೆ, ಹಿಡಿತ ತಪ್ಪಿದರೆ ಅಥವಾ ಕುಳಿತಾಗ ನೆಲಕ್ಕೆ ತಾಗುವ ಭಾಗ ಮರಗಟ್ಟಿದರೆ ಅದೇ ಗಳಿಗೆಯಲ್ಲಿ ಹೊರಡಬೇಕು, ಅಲ್ಲಿ ಗಂಟೆಗಳೂ ಮುಖ್ಯ ಎಂದರು. ಹುಬ್ಬಳ್ಳಿ ನಮ್ಮಿಂದ ನೂರು ಕಿಲೋಮೀಟರ್ ದೂರ. ಆದ್ದರಿಂದ ರಾತ್ರಿ ಕರೆದರೆ ಬರುವ ವಾಹನವೊಂದನ್ನು ಮೊದಲೇ ಮಾತನಾಡಿ ಇಟ್ಟುಕೊಂಡೆ. ದಿನವೂ ಬೆಳಗ್ಗೆ ಜಗಲಿಯ ಮೇಲೆ ಹಿಮ್ಮಡಿಯಲ್ಲಿ ಹತ್ತು ಹೆಜ್ಜೆ ನಡೆದು, ಕಂಡದ್ದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದೆ.

ಫಿಸಿಯೋಥೆರಪಿ ಶಿರಸಿ ಪೇಟೆಯಲ್ಲಿಯೇ ಸಿಕ್ಕಿತು. ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತುವುದು ಮೊದಲ ವ್ಯಾಯಾಮ. ನ್ಯೂಜಿಲೆಂಡ್‌ನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿಯವರ ಹೆಸರಿನಲ್ಲಿ ಪ್ರಸಿದ್ಧವಾದ ಪದ್ಧತಿ ಅದು. ಎರಡು ಗಂಟೆಗೊಮ್ಮೆ ಹತ್ತು ಸಲ ಮಾಡುತ್ತಿದ್ದೆ. ನಾಲ್ಕನೆಯ ದಿನ ಸೊಂಟದ ನೋವು ಏರಿತು. ಹೆದರಿ, ಬಿಟ್ಟುಬಿಡುತ್ತೇನೆಂದಾಗ ನನ್ನ ಫಿಸಿಯೋಥೆರಪಿಸ್ಟ್, “ಕಾಲಿನ ನೋವು ಈಗ ಎಲ್ಲಿಯವರೆಗೆ ಇಳಿಯುತ್ತದೆ, ಹೇಳಿ” ಎಂದು ಕೇಳಿದರು. ಯೋಚಿಸಿದಾಗ ತಿಳಿಯಿತು: ಹೆಬ್ಬೆರಳಿನಲ್ಲಿದ್ದ ನೋವು ಮೊಣಕಾಲಿನ ಹಿಂದೆಯೇ ನಿಂತಿತ್ತು. ನೋವು ಪಾದದಿಂದ ಸೊಂಟದ ಕಡೆಗೆ ಹಿಂದೆಗೆಯುವುದು ಒಳ್ಳೆಯ ಲಕ್ಷಣ, ಸೊಂಟದಲ್ಲಿ ಹೆಚ್ಚಾದರೂ ಸರಿ. ಪಾದದತ್ತ ಇಳಿಯುವಂತಾದರೆ ಆ ವ್ಯಾಯಾಮ ನಿಲ್ಲಿಸಬೇಕು ಎಂದರು. ಎಲ್ಲರಿಗೂ ಇದು ಹೊಂದುವುದಿಲ್ಲ. ಹಿಂದಕ್ಕೆ ಬಾಗಿದರೆ ಕಾಲುನೋವು ಹೆಚ್ಚುವವರೂ ಇದ್ದಾರೆ. ಹಾಗಾಗಿ ನೋಡಬಲ್ಲವರ ಎದುರಿಗೇ ಶುರುಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಹಾಸಿಗೆ ಬಿಟ್ಟು ಏಳಬೇಡ ಎಂದು ಆಯಿ ಹೇಳುತ್ತಿದ್ದಳು. ಆದರೆ ಎರಡು ದಿನಕ್ಕಿಂತ ಹೆಚ್ಚು ಮಲಗಿದಷ್ಟೂ ಸ್ನಾಯು ಸೊರಗುತ್ತದೆಂದು ವೈದ್ಯರು ಎಚ್ಚರಿಸಿದ್ದರು. ಮೊದಲ ವಾರ ಅಂಗಳದಲ್ಲಿ ಐದು ನಿಮಿಷ, ನಾಲ್ಕನೆಯ ವಾರಕ್ಕೆ ಕೆರೆಯ ಏರಿಯವರೆಗೆ ನಡೆದೆ. ಕುಳಿತುಕೊಳ್ಳುವುದೇ ಎಲ್ಲಕ್ಕಿಂತ ಕಷ್ಟವಾಗಿದ್ದರಿಂದ ಊಟವನ್ನೂ ನಿಂತೇ ಮಾಡಿದೆ. ನೋವಿನ ಮಾತ್ರೆಗಳನ್ನು ಊಟದ ನಂತರ, ವೈದ್ಯರು ಹೇಳಿದಷ್ಟು ದಿನ ಮಾತ್ರ ತೆಗೆದುಕೊಂಡೆ. ಅವುಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯ. ಆಯುರ್ವೇದದ ಕಟಿಬಸ್ತಿಯನ್ನೂ ಏಳು ದಿನ ಮಾಡಿಸಿಕೊಂಡೆ. ಉದ್ದಿನ ಹಿಟ್ಟಿನ ಕಟ್ಟೆಯೊಳಗೆ ನಿಂತ ಬಿಸಿ ಎಣ್ಣೆಯಿಂದ ಬಿಗಿದ ಸ್ನಾಯು ಸಡಿಲವಾಗಿ ನಿದ್ದೆ ಬಂತು, ಕಾಲಿನ ಸೆಳೆತ ಮಾತ್ರ ಹಾಗೆಯೇ ಇತ್ತು.

ಆರನೆಯ ವಾರ ನೋವು ಮರುಕಳಿಸಿತು. ಆಗ ನರದ ಬೇರಿನ ಬಳಿ ಸ್ಟಿರಾಯ್ಡ್ ಚುಚ್ಚುಮದ್ದು ಹಾಕಿಸಿಕೊಂಡೆ. ಅದರಿಂದ ಡಿಸ್ಕ್ ಸರಿಯಾಗುವುದಿಲ್ಲ, ಆದರೆ ಉರಿಯೂತ ತಗ್ಗಿದ ಮೂರು ವಾರಗಳಲ್ಲಿ ವ್ಯಾಯಾಮವನ್ನು ಮುಂದುವರಿಸಲು ಸಾಧ್ಯವಾಯಿತು. ಶಸ್ತ್ರಚಿಕಿತ್ಸೆಯ ಪ್ರಶ್ನೆಯೂ ಆಗಲೇ ಮತ್ತೆ ಎದ್ದಿತು. ನೆದರ್ಲೆಂಡ್ಸ್‌ನಲ್ಲಿ 283 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವನ್ನು ತಜ್ಞರು ನಮ್ಮ ಮುಂದಿಟ್ಟರು. ಬೇಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಚೇತರಿಕೆಗೆ ಸುಮಾರು 4 ವಾರ, ಕಾದು ನೋಡಿದವರಿಗೆ ಸುಮಾರು 12 ವಾರ ಹಿಡಿದಿತ್ತು. ವರ್ಷದ ಕೊನೆಗೆ ಎರಡೂ ಗುಂಪುಗಳಲ್ಲಿ ನೂರಕ್ಕೆ 95 ಮಂದಿ ಗುಣವಾಗಿದ್ದರು. ಕಾದವರಲ್ಲಿಯೂ ನೂರಕ್ಕೆ 39 ಮಂದಿ ನೋವು ತಡೆಯಲಾರದೆ ಕೊನೆಗೆ ಶಸ್ತ್ರಚಿಕಿತ್ಸೆಗೆ ಒಪ್ಪಿದ್ದರೆಂಬುದನ್ನೂ ಅವರು ಮುಚ್ಚಿಡಲಿಲ್ಲ. ದಿನಗೂಲಿಯನ್ನೇ ನಂಬಿದವನಾಗಿದ್ದರೆ ನಾನೂ ಆ ಎಂಟು ವಾರ ಉಳಿಸಿಕೊಳ್ಳಲು ಒಪ್ಪುತ್ತಿದ್ದೆನೇನೋ. ಕೊಯ್ಲನ್ನು ಭಾವ ನೋಡಿಕೊಂಡಿದ್ದರಿಂದ, ಹಿಮ್ಮಡಿಯ ಹತ್ತು ಹೆಜ್ಜೆ ದಿನವೂ ಸರಿಯಾಗಿಯೇ ಬರುತ್ತಿದ್ದುದರಿಂದ ಕಾಯಲು ಸಾಧ್ಯವಾಯಿತು.

ಹದಿನಾಲ್ಕನೆಯ ವಾರ ಬೈಕ್ ಹತ್ತಿದೆ. ಈಗ ಹೆಡಿಗೆಯನ್ನು ಅರ್ಧ ಮಾತ್ರ ತುಂಬಿಸುತ್ತೇನೆ, ಮೊಣಕಾಲು ಮಡಿಸಿ ಎದೆಗೆ ಒತ್ತಿಕೊಂಡು ಎತ್ತುತ್ತೇನೆ, ತಿರುಗಬೇಕಾದರೆ ಪಾದಗಳನ್ನೇ ತಿರುಗಿಸುತ್ತೇನೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಅರ್ಧ ಗಂಟೆಗಿಂತ ಹೆಚ್ಚು ಕೂರುವುದಿಲ್ಲ. ಬಲಗಾಲಿನ ಹೆಬ್ಬೆರಳಿನಲ್ಲಿ ಹಳೆಯ ಬಲ ಪೂರ್ತಿ ಬಂದಿಲ್ಲ. ತೋಟದ ಕೆಸರಿನಲ್ಲಿ ಚಪ್ಪಲಿ ಕಳಚಿದಾಗ ಅದು ತಿಳಿಯುತ್ತದೆ.