ಬಲವಾದ ಆಟಗಾರರ ಚೆಸ್ ರೇಟಿಂಗ್ ಲೆಕ್ಕ ಹಾಕುವುದು ಹೇಗೆ?

ತುಮಕೂರಿನಲ್ಲಿ ಚೆಸ್ ಕಲಿಯುವ ಮಕ್ಕಳು ‘ಗೆದ್ದರೂ ರೇಟಿಂಗ್ ಏರಿದ್ದು ಇಷ್ಟೇನಾ?’ ಎಂದು ಕೇಳುತ್ತಾರೆ. ರೇಟಿಂಗ್ ಅಂದರೆ ಆಟಗಾರರ ಬಲ ತೋರಿಸುವ ಸಂಖ್ಯೆ. ಮೊದಲು ಆಡುವ ಇಬ್ಬರ ರೇಟಿಂಗ್ ವ್ಯತ್ಯಾಸ ನೋಡಿ. ನೀವು 200 ಪಾಯಿಂಟ್ ಮುಂದಿದ್ದರೆ, ಎಲೋ ಅನ್ನುವ ರೇಟಿಂಗ್ ಪದ್ಧತಿ ಒಂದು ಆಟದಲ್ಲಿ ನಿಮ್ಮಿಂದ ಸುಮಾರು 0.76 ಅಂಕ ನಿರೀಕ್ಷಿಸುತ್ತದೆ. ಗೆಲುವಿಗೆ 1, ಡ್ರಾಗೆ 0.5, ಸೋಲಿಗೆ 0. ಸಿಕ್ಕ ಅಂಕದಲ್ಲಿ ನಿರೀಕ್ಷೆ ಕಳೆದು, ಕೆ ಅನ್ನುವ ಸಂಖ್ಯೆಯಿಂದ ಗುಣಿಸಿ; ರೇಟಿಂಗ್ ಎಷ್ಟು ಬೇಗ ಬದಲಾಗಬೇಕು ಅನ್ನುವುದನ್ನು ಈ ಕೆ ತೀರ್ಮಾನಿಸುತ್ತದೆ. ಕೆ 20 ಆದರೆ ಗೆದ್ದಾಗ ಸುಮಾರು 5 ಪಾಯಿಂಟ್ ಬರುತ್ತದೆ, ಸೋತರೆ 15 ಹೋಗುತ್ತದೆ, ಡ್ರಾ ಆದರೂ 5 ಹೋಗುತ್ತದೆ. ಇದು ಅನ್ಯಾಯವಲ್ಲ, ಎದುರಾಳಿ ತಮ್ಮ ರೇಟಿಂಗ್‌ಗಿಂತ ಚೆನ್ನಾಗಿ ಆಡಿದ್ದಾರೆ ಅಲ್ವಾ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯಲ್ಲಿ 2400 ಮುಟ್ಟಿದವರಿಗೆ ಕೆ 10 ಮಾತ್ರ, ಅದಕ್ಕೇ ಅವರ ರೇಟಿಂಗ್ ನಿಧಾನವಾಗಿ ಬದಲಾಗುತ್ತದೆ.

ಆನ್‌ಲೈನ್ ಲೆಕ್ಕ ಬೇರೆ. ಲಿಚೆಸ್ ಅನ್ನುವ ಚೆಸ್ ತಾಣ ಬಳಸುವುದು ಗ್ಲಿಕೊ-2 ಅನ್ನುವ ಇನ್ನೊಂದು ರೇಟಿಂಗ್ ಪದ್ಧತಿ. ಅಲ್ಲಿ ನಿಮ್ಮ ರೇಟಿಂಗ್ ಎಷ್ಟು ಖಚಿತ ಅನ್ನುವುದೂ ಮುಖ್ಯ. ಬಹಳ ದಿನ ಬಿಟ್ಟು ಆಡಿದರೆ ಮೊದಲ ಆಟಗಳಲ್ಲಿ ಪಾಯಿಂಟ್ ಜಾಸ್ತಿ ಏರಿಳಿಯುತ್ತದೆ, ಗಾಬರಿ ಬೇಡ.