ಗಾಡಿಯ ಕಾಗದದ ಅವಧಿ ಮುಗಿಯುವ ಮೊದಲೇ ಮೇಲ್ ಬರುವ ಹಾಗೆ ಮಾಡಿದ್ದು

ಉಪ್ಪಳದ ನಮ್ಮ ಟ್ಯಾಕ್ಸಿ ಆಫೀಸಿನ ಕಾಗದಪತ್ರ ಎಲ್ಲಾ ಪೇಪರ್‌ಲೆಸ್ ಎನ್‌ಜಿಎಕ್ಸ್‌ನಲ್ಲಿದೆ, ಸ್ಕ್ಯಾನ್ ಮಾಡಿದ ಕಾಗದಗಳನ್ನು ಜೋಡಿಸಿಡುವ ಸಾಫ್ಟ್‌ವೇರ್ ಅದು. ತಲಪಾಡಿ ದಾಟಿ ದಿನಾ ಮಂಗಳೂರಿಗೆ ಹೋಗುವ ಗಾಡಿಗಳು. ಇನ್ಶೂರೆನ್ಸ್, ಪರ್ಮಿಟ್, ಹೊಗೆ ಸರ್ಟಿಫಿಕೇಟ್, ಯಾವುದರ ಅವಧಿ ಮುಗಿದರೂ ಕಷ್ಟ ಅಲ್ವಾ? ಆದರೆ ಈ ಸಾಫ್ಟ್‌ವೇರ್ ಸ್ಕ್ಯಾನ್ ಓದಿ ಕಾಗದದ ದಿನಾಂಕ ಅಂತ ಒಂದನ್ನೇ ಇಟ್ಟುಕೊಳ್ಳುತ್ತದೆ. ಮುಗಿಯುವ ದಿನಕ್ಕೆ ಬೇರೆ ಜಾಗ ಇಲ್ಲ.

ಅದಕ್ಕೆ ಕಸ್ಟಮ್ ಫೀಲ್ಡ್‌ನಲ್ಲಿ (ನಮಗೆ ಬೇಕಾದ ವಿವರಕ್ಕೆ ನಾವೇ ಮಾಡಿಕೊಳ್ಳುವ ಜಾಗ) ‘ಅವಧಿ ಮುಕ್ತಾಯ’ ಅಂತ ದಿನಾಂಕದ ಫೀಲ್ಡ್ ಸೇರಿಸಿದೆ. ಆಮೇಲೆ ವರ್ಕ್‌ಫ್ಲೋದಲ್ಲಿ (ತಾನಾಗಿಯೇ ನಡೆಯುವ ಕೆಲಸಗಳನ್ನು ಹೊಂದಿಸುವ ಜಾಗ) ಶೆಡ್ಯೂಲ್ಡ್ ಟ್ರಿಗರ್, ಅಂದ್ರೆ ದಿನಾಂಕ ನೋಡಿ ಕೆಲಸ ಶುರು ಮಾಡುವುದನ್ನು ಆರಿಸಿ, ಅದೇ ಫೀಲ್ಡ್ ಕೊಟ್ಟು, ಆಫ್‌ಸೆಟ್ (ಆ ದಿನಾಂಕದಿಂದ ಎಷ್ಟು ದಿನ ಆಚೀಚೆ ಅನ್ನುವುದು) -30 ಹಾಕಿದೆ. ಮೈನಸ್ ಚಿಹ್ನೆ ಬಿಡಬೇಡಿ. ಈಗಿನ ಆವೃತ್ತಿಯಲ್ಲಿ ಮೈನಸ್ ಅಂದ್ರೆ 30 ದಿನ ಮೊದಲು, ಸುಮ್ನೆ 30 ಅಂತ ಹಾಕಿದರೆ ಅವಧಿ ಮುಗಿದು ತಿಂಗಳಾದ ಮೇಲೆ ಮೇಲ್ ಬರುತ್ತದೆ, ಅದರಿಂದ ಯಾರಿಗೂ ಉಪಯೋಗ ಇಲ್ಲ. ಆಕ್ಷನ್‌ನಲ್ಲಿ ಇಮೇಲ್ ಆರಿಸಿದರೆ ಸಾಕು, ಸರ್ವರ್‌ನಲ್ಲಿ ಎಸ್‌ಎಂಟಿಪಿ (ಮೇಲ್ ಕಳಿಸುವ ವ್ಯವಸ್ಥೆ) ವಿವರ ಮೊದಲೇ ಕೊಟ್ಟಿರಬೇಕು ಅಷ್ಟೇ.

ಹಳೆಯ ಪಾಲಿಸಿ ಅಳಿಸಬೇಡಿ, ಕ್ಲೇಮ್ ಇದ್ದರೆ ಬೇಕಾಗುತ್ತದೆ. ‘ಚಾಲ್ತಿ’ ಟ್ಯಾಗ್ ಇರುವುದಕ್ಕೆ ಮಾತ್ರ ಟ್ರಿಗರ್ ಇಟ್ಟಿದ್ದೇನೆ, ಹೊಸದು ಬಂದಾಗ ಹಳೆಯದರ ಟ್ಯಾಗ್ ತೆಗೆದರಾಯಿತು. ನಮ್ಮಲ್ಲಿ ಮಲಯಾಳದ ರಶೀದಿಗಳೂ ಜಾಸ್ತಿ, ಹಾಗಾಗಿ ಓಸಿಆರ್‌ಗೆ (ಸ್ಕ್ಯಾನ್‌ನಲ್ಲಿರುವ ಅಕ್ಷರ ಓದುವ ಭಾಗ) ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಕೊಟ್ಟಿದ್ದೇನೆ. ಮುಕ್ತಾಯದ ದಿನಾಂಕವನ್ನು ಮಾತ್ರ ಕಾಗದ ನೋಡಿ ಕೈಯಾರೆ ಟೈಪ್ ಮಾಡುತ್ತೇನೆ.