ಬಿಸಾಡುವ ಮೊದಲು ಆ ಪ್ಲೇಟ್ ತನ್ನಿ

ಮಂಗಳೂರಿನಲ್ಲಿ ಮೀನಿನ ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡುವ ಸಣ್ಣ ಲ್ಯಾಬ್ ಒಂದನ್ನು ನಾನು ನೋಡಿಕೊಳ್ಳುತ್ತೇನೆ. ಏಳು ಜನ ಇದ್ದೇವೆ. ಮೊದಲೆಲ್ಲ ಸೋಮವಾರದ ಮೀಟಿಂಗಿನಲ್ಲಿ ಎಲ್ಲರೂ ಚಂದದ ಗ್ರಾಫ್ ತೋರಿಸುತ್ತಿದ್ದರು. ನನಗೂ ಖುಷಿಯಾಗುತ್ತಿತ್ತು.

ಒಂದು ಆಗಸ್ಟ್‌ನಲ್ಲಿ ವಿಷಯ ಹೊರಬಿತ್ತು. ಮೂವರ ಅಗಾರ್ ಪ್ಲೇಟ್‌ಗಳಿಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗಳಿಗೆ, ವಾರಗಟ್ಟಲೆ ಬೂಷ್ಟು ಹಿಡಿಯುತ್ತಿತ್ತು. ತಮ್ಮ ಕೈಯೇ ಸರಿಯಿಲ್ಲ ಅಂದುಕೊಂಡು ಒಬ್ಬೊಬ್ಬರೂ ಗುಟ್ಟಾಗಿ ಬಿಸಾಡಿ, ಮತ್ತೆ ಹೊಸದು ಹಾಕುತ್ತಿದ್ದರು. ನೋಡಿದರೆ ಎಸಿಯ ಫಿಲ್ಟರ್ ಮಳೆಯ ಥಂಡಿಗೆ ಬೂಷ್ಟು ಕಟ್ಟಿತ್ತು. ಒಬ್ಬರು ಬಾಯಿಬಿಟ್ಟಿದ್ದರೂ ಒಂದೇ ದಿನದಲ್ಲಿ ಮುಗಿಯುತ್ತಿತ್ತು. ಆದರೆ ನಾನು ಕೇಳುತ್ತಿದ್ದದ್ದು "ರಿಸಲ್ಟ್ ಬಂತಾ?" ಅಂತ ಮಾತ್ರ. ಅವರು ಇನ್ನೇನು ಹೇಳಬೇಕು?

ಏಮಿ ಎಡ್ಮಂಡ್ಸನ್ ಎಂಬ ಅಮೆರಿಕದ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕ ಹಾಕಿದ್ದರು. ಚೆನ್ನಾಗಿ ಹೊಂದಿಕೊಂಡ ತಂಡಗಳಲ್ಲೇ ತಪ್ಪು ಜಾಸ್ತಿ ಕಂಡುಬಂತು. ಅಲ್ಲಿನವರು ಹೆದರದೆ ಹೇಳುತ್ತಿದ್ದರು, ಅಷ್ಟೇ. ನಮ್ಮ ಲ್ಯಾಬಿನಲ್ಲಿ ತಪ್ಪೇ ಕಾಣದಿದ್ದದ್ದು ಯಾಕೆಂದು ಆಗ ಅರ್ಥವಾಯಿತು.

ಶನಿವಾರ ನಾಲ್ಕು ಗಂಟೆಗೆ ಚಾ, ಗೋಳಿಬಜೆ ಜೊತೆ ಹಾಳಾದ ಪ್ರಯೋಗ ತನ್ನಿ ಅಂದೆ. ಮೂರು ವಾರ ಯಾರೂ ತರಲಿಲ್ಲ. ನಾನೇ ಹೇಳಿದೆ. ಪಿಎಚ್‌ಡಿ ಮಾಡುವಾಗ ಲೇಬಲ್ ಅದಲುಬದಲಾಗಿ ನಾಲ್ಕು ತಿಂಗಳ ಕೆಲಸ ನೀರುಪಾಲಾದದ್ದು, ಅದನ್ನು ಗೈಡ್‌ಗೆ ಹೇಳಲಾಗದೆ ಅತ್ತದ್ದು. ನಾಲ್ಕನೇ ವಾರ ಎಲ್ಲರಿಗಿಂತ ಚಿಕ್ಕವಳು ಒಂದು ಪ್ಲೇಟ್ ಹಿಡಿದುಕೊಂಡು ಬಂದಳು. "ಯಾಕೆ ಹೀಗಾಯ್ತು" ಅನ್ನದೆ "ಏನು ಕಾಣಿಸ್ತು" ಅಂತ ಕೇಳಲು ನನಗೆ ನಿಜವಾಗಿ ಕಷ್ಟವಾಯಿತು. ಅಭ್ಯಾಸ ಬಿಡುವುದು ಸುಲಭವಲ್ಲ ಅಲ್ವಾ?

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಇಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದೋಣಿ ನಿಲ್ಲುವ ದಕ್ಕೆ ಖಾಲಿ, ಹೊಸ ಸ್ಯಾಂಪಲ್ ಕಡಿಮೆ. ಈಗ ಆ ದಿನಗಳಲ್ಲಿ ವಾರಕ್ಕೊಂದು ದಿನ ಅವರವರ ಸ್ವಂತ ಪ್ರಶ್ನೆಗೆ ಬಿಟ್ಟಿದ್ದೇನೆ. ವರದಿ ಕೇಳುವುದಿಲ್ಲ.

ಆ ಚಿಕ್ಕವಳು ಮಲ್ಪೆಯವಳು. ಅಮ್ಮ ಮೀನು ಒಣಗಿಸಿ ಮಾರುತ್ತಾರೆ. ಉಪ್ಪು ಹಾಕಿದ ಒಣಮೀನು ಯಾಕೆ ಕೆಂಪಾಗುತ್ತದೆ ಎಂಬುದು ಅವಳ ಪ್ರಶ್ನೆ. ಉಪ್ಪಿನಲ್ಲೇ ಬದುಕುವ ಸೂಕ್ಷ್ಮಜೀವಿಗಳಿಂದ ಅಂತ ಪುಸ್ತಕದಲ್ಲಿದೆ. ಅವಳಿಗೆ ಕಣ್ಣಾರೆ ಕಾಣಬೇಕಿತ್ತು. ಮೀನು ಸೋಕದ ಹರಳುಪ್ಪನ್ನೇ ಮನೆಯಿಂದ ತಂದು, ಉಪ್ಪು ಜಾಸ್ತಿ ಇರುವ ಅಗಾರ್ ಮೇಲೆ ಹಾಕಿದಳು. ಎರಡು ದಿನಕ್ಕೆ ಏನೂ ಇಲ್ಲ. ಹಿಂದಿನ ಹಾಗಾಗಿದ್ದರೆ ಬಿಸಾಡಿಸುತ್ತಿದ್ದೆ. ಇವು ನಿಧಾನ ಬೆಳೆಯುವ ಜೀವಿಗಳು, ಇಡಲಿ ಬಿಡಿ ಅಂದೆ.

ಮೂರನೇ ವಾರ ಕೆಂಪು ಚುಕ್ಕೆಗಳು ಕಂಡವು. ಅವಳು ಕಾರಿಡಾರಿಗೆ ಓಡಿ ಮನೆಗೆ ಫೋನ್ ಮಾಡಿದಳು. ತುಳುವಿನಲ್ಲಿ ಹೇಳಿದಳು, "ಅಮ್ಮಾ, ಉಪ್ಪುಡೇ ಉಂಡು!" ಉಪ್ಪಿನಲ್ಲೇ ಇದೆ ಅಂತ.